ಭಯದ ಕತೆ, ಭಯದ ಸಿನಿಮಾ: ಯಾರ ಜೊತೆ ಯಾವುದು?

ಅಕ್ಟೋಬರ್ ಕೊನೆಯ ಹ್ಯಾಲೊವೀನ್, ಅಂದರೆ ದೆವ್ವದ ವೇಷ ಹಾಕುವ ಪಾಶ್ಚಾತ್ಯರ ಹಬ್ಬ, ಹತ್ತಿರವಾದಂತೆ ಹಾರರ್ ಪ್ರಿಯರಿಗೆ ಸುಮ್ಮನೆ ಕೂರಲಾಗುವುದಿಲ್ಲ. ತಮಗೆ ಹಿಡಿಸಿದ್ದನ್ನು ಇನ್ನೊಬ್ಬರಿಗೆ ತೋರಿಸಬೇಕು, ಓದಿಸಬೇಕು, ಅವರು ಬೆಚ್ಚಿಬೀಳುವುದನ್ನು ಪಕ್ಕದಲ್ಲೇ ಕೂತು ನೋಡಬೇಕು. ಆಗ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ದೆವ್ವದ ಸಿನಿಮಾ ಅಂದರೆ ಮಾರುದೂರ ಓಡುವ ಗೆಳತಿಗೆ ಎಲ್ಲಿಂದ ಶುರು ಮಾಡಿಸಲಿ? ಆರೇಳು ಜನ ಸೇರುತ್ತಿದ್ದೇವೆ, ಇಬ್ಬರಿಗೆ ರಕ್ತ ಕಂಡರಾಗದು, ಏನು ಹಾಕಲಿ? ಮಗಳು ದೆವ್ವದ ಕತೆ ಬೇಕೆಂದು ಹಟ ಹಿಡಿದಿದ್ದಾಳೆ, ಯಾವುದನ್ನು ಹೇಳಲಿ? ಪುಸ್ತಕ ಕೊಡಲೋ, ಸಿನಿಮಾ ತೋರಿಸಲೋ?

ನನ್ನ ಒಲವು ಯಾವ ಕಡೆಗೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಸರಿಯಾಗಿ ಗೊತ್ತಿಲ್ಲದ ಗುಂಪಿಗೆ ಸಿನಿಮಾಗಿಂತ ಗಟ್ಟಿಯಾಗಿ ಓದಿ ಹೇಳುವ ಸಣ್ಣಕತೆಯೇ ಮೇಲು. ಬಹಳ ಜನ ಇದನ್ನು ಆಯ್ಕೆಯೆಂದೇ ಎಣಿಸುವುದಿಲ್ಲ. ಕೂಡಿ ಹೆದರುವುದು ಅಂದರೆ ಪರದೆಯ ಮುಂದೆ ಕೂರುವುದು ಎಂದೇ ನಮ್ಮ ತಲೆಯಲ್ಲಿ ಕೂತಿದೆ. ಆದರೂ ಸಿನಿಮಾವೇ ಸರಿಯಾಗುವ ಸಂದರ್ಭಗಳು ಬೇಕಾದಷ್ಟಿವೆ. ಒಂದೊಂದಾಗಿ ನೋಡೋಣ.

ಆರಿಸುವ ಮುನ್ನ ಏನನ್ನು ಅಳೆಯಬೇಕು

ಎಲ್ಲಕ್ಕಿಂತ ಮೊದಲು, ಎದುರಿನವರಿಗೆ ಯಾವ ಬಗೆಯ ಭಯ ಒಗ್ಗುತ್ತದೆ ಅನ್ನುವುದು. ದೆವ್ವ, ಪ್ರೇತದ ಭಯ ಬೇರೆ. ರಕ್ತ, ಗಾಯ, ಕತ್ತರಿಸಿದ ದೇಹ ಕಂಡಾಗಿನ ಅಸಹ್ಯ ಬೇರೆ. ಥಟ್ಟನೆ ದೊಡ್ಡ ಸದ್ದು ಮಾಡಿ ಕುರ್ಚಿಯಿಂದ ಹಾರಿಸುವ ಜಂಪ್ ಸ್ಕೇರ್ ಬೇರೆ. ಮನುಷ್ಯನೇ ಮನುಷ್ಯನಿಗೆ ಮಾಡುವ ಕ್ರೌರ್ಯ ಇನ್ನೂ ಬೇರೆ. ರಕ್ತದ ಹೊಳೆ ಹರಿದರೂ ಕಣ್ಣು ಮಿಟುಕಿಸದವರು, ಖಾಲಿ ಕೋಣೆಯಲ್ಲಿ ತಾನಾಗಿ ಮುಚ್ಚಿಕೊಳ್ಳುವ ಒಂದು ಬಾಗಿಲಿಗೆ ಎದ್ದುಹೋಗುವುದುಂಟು. ಹಾಗಾಗಿ ‘ನಿಮಗೆ ಹಾರರ್ ಇಷ್ಟವೇ?’ ಎಂದು ಕೇಳಿ ಏನೂ ಪ್ರಯೋಜನವಿಲ್ಲ. ‘ಯಾವ ಸಿನಿಮಾವನ್ನು ಅರ್ಧಕ್ಕೆ ನಿಲ್ಲಿಸಿದಿರಿ? ಯಾಕೆ?’ ಎಂದು ಕೇಳಿ. ಬೇಕಾದ ಉತ್ತರ ಅಲ್ಲೇ ಸಿಗುತ್ತದೆ.

ಎರಡನೆಯದು, ತಪ್ಪಿಸಿಕೊಳ್ಳುವ ದಾರಿ. ಪುಸ್ತಕವನ್ನು ಯಾವ ಪುಟದಲ್ಲಾದರೂ ಮುಚ್ಚಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಕತ್ತಲ ಕೋಣೆಯಲ್ಲಿ ಐದು ಜನರ ನಡುವೆ ಕೂತವರಿಗೆ ಎದ್ದುಹೋಗಲು ನಾಚಿಕೆ. ಹಲ್ಲು ಕಚ್ಚಿ ಕೂರುತ್ತಾರೆ, ಮುಂದಿನ ವರ್ಷ ಕರೆದರೆ ನೆಪ ಹೇಳುತ್ತಾರೆ.

ಮೂರನೆಯದು, ಗುಂಪಿನ ಸ್ವಭಾವ. ನಡುವೆ ಮಾತಾಡುವವರೇ, ಫೋನ್ ನೋಡುವವರೇ, ಸಬ್‌ಟೈಟಲ್ ಓದಲು ತಾಳ್ಮೆ ಇರುವವರೇ? ನಾಲ್ಕನೆಯದು, ಕೈಯಲ್ಲಿರುವ ಹೊತ್ತು. ಖರ್ಚಿನ ಮಾತು ಕೊನೆಗೆ ಬರುತ್ತದೆ. ಯಾಕೆಂದರೆ ಈ ಪ್ರಕಾರದ ಒಳ್ಳೆಯ ಕೃತಿಗಳಲ್ಲಿ ಎಷ್ಟೋ ಹಕ್ಕುಸ್ವಾಮ್ಯ ಮುಗಿದವು, ಪ್ರಾಜೆಕ್ಟ್ ಗುಟೆನ್‌ಬರ್ಗ್ ಮತ್ತು ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣಗಳಲ್ಲಿ ಬಿಟ್ಟಿಯಾಗಿ ಸಿಗುತ್ತವೆ.

ಇನ್ನು ಪ್ರಮಾಣದ ವಿಚಾರ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ಭೂತಬಂಗಲೆಯ ಆಟಕ್ಕೆ ಬಂದವರ ಎದೆಬಡಿತವನ್ನು ಅಳೆದು 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಯ ತೀರ ಕಡಿಮೆಯಾದರೂ ಮಜಾ ಇಲ್ಲ, ತೀರ ಹೆಚ್ಚಾದರೂ ಇಲ್ಲ, ಹೆಚ್ಚು ಖುಷಿ ನಡುವೆಲ್ಲೋ ಇದೆ ಎಂಬುದು ಅದರ ಸಾರ. ಆ ‘ನಡುವೆ’ ಪ್ರತಿಯೊಬ್ಬರಿಗೂ ಬೇರೆ ಜಾಗದಲ್ಲಿರುತ್ತದೆ. ನೂರಾರು ಸಿನಿಮಾ ನೋಡಿ ಪಳಗಿದ ನಿಮ್ಮದಂತೂ ಬಹಳ ಮುಂದೆ ಸರಿದಿರುತ್ತದೆ. ‘ಇದೇನು ಮಹಾ, ಮಕ್ಕಳಾಟ’ ಎಂದು ನೀವು ಪಕ್ಕಕ್ಕಿಟ್ಟದ್ದೇ ಹೊಸಬರಿಗೆ ಸರಿಹೋಗುವ ಸಾಧ್ಯತೆ ಹೆಚ್ಚು.

ಗಟ್ಟಿಯಾಗಿ ಓದುವ ಕತೆ

ಇದರ ಇತಿಹಾಸ ಸಿನಿಮಾಗಿಂತ ಬಹಳ ಹಿಂದಿನದು. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಬೂದಿ, ಅನಿಲಗಳಿಂದಾಗಿ ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಸರಿಯಾಗಿ ಬರಲಿಲ್ಲ. ಆ ಜೂನ್‌ನಲ್ಲಿ ಜಿನೀವಾ ಸರೋವರದ ದಡದ ಮನೆಯೊಂದರಲ್ಲಿ ಮಳೆಗೆ ಸಿಕ್ಕಿಕೊಂಡ ಗೆಳೆಯರ ಗುಂಪು ಹೊತ್ತು ಕಳೆಯಲು ದೆವ್ವದ ಕತೆಗಳ ಪುಸ್ತಕವೊಂದನ್ನು ಓದುತ್ತಿತ್ತು. ಕವಿ ಬೈರನ್, ‘ನಾವೂ ಒಬ್ಬೊಬ್ಬರು ಒಂದೊಂದು ಬರೆಯೋಣ’ ಎಂದ. ಹದಿನೆಂಟರ ಮೇರಿ ಶೆಲ್ಲಿ ಬರೆಯಹೊರಟದ್ದು 1818ರಲ್ಲಿ ‘ಫ್ರಾಂಕೆನ್‌ಸ್ಟೈನ್’ ಆಗಿ ಬಂತು. ಬೈರನ್‌ನ ವೈದ್ಯ ಪಾಲಿಡೋರಿ ಬರೆದದ್ದು 1819ರಲ್ಲಿ ‘ದಿ ವ್ಯಾಂಪೈರ್’ ಆಗಿ ಬಂತು. ಕೂತು ಓದಿದ ಕೆಲವು ಸಂಜೆಗಳಿಂದ ಹಾರರ್‌ನ ಎರಡು ದೊಡ್ಡ ವಂಶಗಳು ಹುಟ್ಟಿದವು.

ಜಪಾನಿನಲ್ಲಿ ಎಡೋ ಕಾಲದಲ್ಲಿ (17ರಿಂದ 19ನೆಯ ಶತಮಾನದ ನಡುಭಾಗದವರೆಗೆ) ಇದೇ ಒಂದು ಆಟವಾಗಿತ್ತು. ನೂರು ದೀಪ ಹಚ್ಚಿಟ್ಟು, ಒಂದೊಂದು ಕತೆ ಮುಗಿದಂತೆ ಒಂದೊಂದು ದೀಪ ಆರಿಸುವುದು. ಕೊನೆಯ ದೀಪ ಆರಿದಾಗ ಏನೋ ಬರುತ್ತದೆ ಎಂಬ ನಂಬಿಕೆ ಇದ್ದುದರಿಂದ ತೊಂಬತ್ತೊಂಬತ್ತಕ್ಕೇ ನಿಲ್ಲಿಸುವವರೂ ಇದ್ದರಂತೆ. ನಾಲ್ಕೈದು ಜನ ಸೇರಿದಾಗ ನೂರು ಬೇಡ, ಐದು ದೀಪ ಸಾಕು.

ಕತೆಯ ಅನುಕೂಲ ಏನೆಂದರೆ ಚಿತ್ರವನ್ನು ಕೇಳುಗರೇ ಕಟ್ಟಿಕೊಳ್ಳುತ್ತಾರೆ, ತಮ್ಮ ಶಕ್ತಿಗೆ ತಕ್ಕಷ್ಟು. ಅಂಜುಬುರುಕರ ತಲೆಯಲ್ಲಿ ಮಸುಕಾದ ನೆರಳು ಮೂಡಿದರೆ ಗಟ್ಟಿಗರ ತಲೆಯಲ್ಲಿ ಇನ್ನೇನೋ ಮೂಡುತ್ತದೆ. ಪ್ರಮಾಣವನ್ನು ನೀವು ಅಳೆಯಬೇಕಿಲ್ಲ. ಯಾರ ಮುಖವಾದರೂ ಬಿಳಿಚಿಕೊಂಡರೆ ದನಿ ತಗ್ಗಿಸಬಹುದು, ಒಂದು ಪ್ಯಾರಾ ಹಾರಿಸಬಹುದು. ಸಿನಿಮಾದಲ್ಲಿ ಅದು ಆಗದು. ಕೊರತೆಯೂ ಇದೆ. ಓದುವವರಿಗೆ ದನಿ ಇರಬೇಕು, ಇಲ್ಲದಿದ್ದರೆ ಕೇಳುಗರು ಆಕಳಿಸುತ್ತಾರೆ. ಹತ್ತು ಜನ ಮೀರಿದರೆ ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಗುತ್ತದೆ.

ಯಾವ ಕತೆ? ಮೊದಲ ಸಲಕ್ಕೆ ಎಡ್ಗರ್ ಆಲನ್ ಪೋನ ‘ದಿ ಟೆಲ್-ಟೇಲ್ ಹಾರ್ಟ್’ (1843). ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಕೊಲೆ ಮಾಡಿದವನೊಬ್ಬ ತನಗೆ ಹುಚ್ಚಿಲ್ಲ ಎಂದು ಸಾಧಿಸಲು ಹೋಗುವ ಮಾತಿನ ಓಟವೇ ಇಡೀ ಕತೆ. ಒಬ್ಬನದೇ ದನಿ, ಆದ್ದರಿಂದ ಓದುವವರಿಗೆ ನಟನೆ ಬರದಿದ್ದರೂ ನಡೆಯುತ್ತದೆ. ವೇಗ ಹೆಚ್ಚಿಸುತ್ತ ಹೋದರೆ ಸಾಕು, ಉಳಿದದ್ದನ್ನು ಪೋ ನೋಡಿಕೊಳ್ಳುತ್ತಾನೆ.

ಸ್ವಲ್ಪ ಹೆಚ್ಚು ಹೊತ್ತಿದ್ದರೆ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ಬರೆದ ‘ದಿ ಮಂಕೀಸ್ ಪಾ’ (1902). ಮೂರು ವರ ಕೊಡುವ ಒಣಗಿದ ಕೋತಿಯ ಪಾದ, ಒಂದು ಸಂಸಾರ, ರಾತ್ರಿಯ ಹೊತ್ತು ಬಾಗಿಲು ಬಡಿಯುವ ಸದ್ದು. ಬಾಗಿಲ ಆಚೆ ಏನಿದೆ ಎಂದು ಜೇಕಬ್ಸ್ ತೋರಿಸುವುದೇ ಇಲ್ಲ. ಕತೆ ಮುಗಿದ ಮೇಲೆ ‘ನೀನಾಗಿದ್ದರೆ ಏನು ಕೇಳುತ್ತಿದ್ದೆ?’ ಎಂಬ ಮಾತು ಕತೆಗಿಂತ ಉದ್ದವಾಗುತ್ತದೆ. ಆದರೆ ಒಂದು ಎಚ್ಚರ: ಇದರ ಒಳಗಿರುವುದು ಮಗನನ್ನು ಕಳೆದುಕೊಂಡ ತಾಯಿತಂದೆಯ ದುಃಖ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರು ಗುಂಪಿನಲ್ಲಿದ್ದರೆ ಇದನ್ನು ಮುಟ್ಟಬೇಡಿ.

ಎಂ. ಆರ್. ಜೇಮ್ಸ್ ತನ್ನ ಕತೆಗಳನ್ನು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಗೆಳೆಯರಿಗೆ ಓದಿ ಹೇಳಲೆಂದೇ ಬರೆದವನು. ಮೊದಲ ಸಂಕಲನ 1904ರದ್ದು. ಹಳೆಯ ಹಸ್ತಪ್ರತಿ, ಪಾಳು ಇಗರ್ಜಿ, ಪುಸ್ತಕದ ಹುಳುವಾದ ಪ್ರಾಧ್ಯಾಪಕ, ಇವೆಲ್ಲ ಹಿಡಿಸುವ ಓದುಗರ ಕೂಟಕ್ಕೆ ಇವನನ್ನು ಮೀರಿಸಿದವರಿಲ್ಲ. ಆದರೆ ಒಂದೊಂದು ಕತೆ ಮುಕ್ಕಾಲು ಗಂಟೆಗೂ ಹೆಚ್ಚು ಹಿಡಿಯಬಹುದು, ಬಿಸಿಯೇರುವುದೂ ನಿಧಾನ. ಅವಸರದವರಿಗೆ ಬೇಡ. ಅವರಿಗೆ ಲಾಫ್ಕಾಡಿಯೋ ಹರ್ನ್ ಜಪಾನಿ ಕತೆಗಳನ್ನು ಹೇಳಿದ ‘ಕ್ವೈದಾನ್’ (1904) ಒಳ್ಳೆಯದು. ಅದರ ‘ಮುಜಿನಾ’ ಎರಡು ಮೂರು ಪುಟದ್ದು.

ನಮ್ಮಲ್ಲೇ ಇರುವ ಬೇತಾಳನನ್ನು ಮರೆಯುವುದು ಬೇಡ. ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದೊಳಗೆ ಬರುವ ಆ ಇಪ್ಪತ್ತೈದು ಕತೆಗಳ ಚೌಕಟ್ಟು ಎಂಥದು ನೋಡಿ: ಸ್ಮಶಾನ, ಮರಕ್ಕೆ ತೂಗುವ ಹೆಣ, ಅದನ್ನು ಹೆಗಲಿಗೇರಿಸಿ ನಡೆಯುವ ರಾಜ, ಹೆಗಲ ಮೇಲಿಂದ ಕಿವಿಗೆ ಬರುವ ಕತೆ. ‘ಚಂದಮಾಮ’ ಓದಿ ಬೆಳೆದವರಿಗೆ ಅದು ಎಷ್ಟು ಪರಿಚಿತವೆಂದರೆ ಅದರ ಭೀಕರತೆಯೇ ಕಾಣದಾಗಿದೆ. ಗುಂಪಿಗೆ ಇದು ಒಗ್ಗುವುದು ಕೊನೆಯಲ್ಲಿ ಬೇತಾಳ ಕೇಳುವ ಪ್ರಶ್ನೆಯಿಂದ. ಓದುವವರು ಅಲ್ಲಿ ನಿಲ್ಲಿಸಿ ಉತ್ತರವನ್ನು ಕೇಳುಗರಿಗೇ ಬಿಟ್ಟರೆ ಕೋಣೆ ಎರಡು ಪಕ್ಷವಾಗುತ್ತದೆ. ಭಯ ಕಡಿಮೆ, ವಾದ ಹೆಚ್ಚು. ಎಲ್ಲ ವಯಸ್ಸಿನವರೂ ಸೇರಿದ್ದರೆ ನಾನು ಆರಿಸುವುದು ಇದನ್ನೇ.

ಇಂಗ್ಲಿಷ್ ಕತೆಗಳ ಬಗ್ಗೆ ‘ನಮ್ಮ ಗುಂಪಿನಲ್ಲಿ ಎಲ್ಲರಿಗೂ ಅಷ್ಟು ಇಂಗ್ಲಿಷ್ ಬರದು’ ಎನ್ನುವವರಿದ್ದಾರೆ. ಹಾಗಿದ್ದರೆ ಓದಲೇಬೇಡಿ. ಮೊದಲೇ ಎರಡು ಸಲ ಓದಿಕೊಂಡು ನಿಮ್ಮ ಕನ್ನಡದಲ್ಲಿ ಹೇಳಿ. ಹೇಳಿದ ಕತೆ ಎಷ್ಟೋ ಸಲ ಓದಿದ ಕತೆಗಿಂತ ಹೆಚ್ಚು ಹೆದರಿಸುತ್ತದೆ. ಹೇಳುವವರ ಕಣ್ಣು ಪುಟದ ಮೇಲಿರದೆ ಕೇಳುಗರ ಮೇಲಿರುತ್ತದೆ.

ಪುಸ್ತಕ ಕೈಗಿಡುವುದಾದರೆ

ಕಾದಂಬರಿ ಓದಿಸುವುದು ನಿಧಾನದ ವ್ಯವಹಾರ. ಬೆಚ್ಚಿಬೀಳುವ ಕ್ಷಣ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಎರಡು ವಾರದ ಮೇಲೆ ‘ನಿನ್ನೆ ರಾತ್ರಿ ದೀಪ ಆರಿಸಲಿಲ್ಲ’ ಎಂಬ ಸಂದೇಶ ಬಂದರೆ ಬಂತು, ಇಲ್ಲವೆಂದರೆ ಇಲ್ಲ. ಒಬ್ಬರೇ ಇರಲು ಬಯಸುವವರಿಗೆ, ಹೆದರಿದ್ದು ಬೇರೆಯವರಿಗೆ ಕಾಣಬಾರದು ಎನ್ನುವವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ.

ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ (1897) ಎಲ್ಲರೂ ಮೊದಲು ಕೊಡುವ ಪುಸ್ತಕ. ಮೊದಲ ನಾಲ್ಕು ಅಧ್ಯಾಯಗಳಷ್ಟು ಬಿಗಿ ಮುಂದೆ ಉಳಿಯುವುದಿಲ್ಲ. ನಡುಭಾಗದಲ್ಲಿ ಎಷ್ಟೋ ಜನ ಕೈಬಿಡುತ್ತಾರೆ. ಅದಕ್ಕೊಂದು ಉಪಾಯವಿದೆ. ಕಾದಂಬರಿ ಪೂರ್ತಿ ದಿನಚರಿ, ಪತ್ರ, ತಂತಿ ಸಂದೇಶಗಳಲ್ಲಿದೆ, ಪ್ರತಿಯೊಂದಕ್ಕೂ ತಾರೀಖಿದೆ. ಮೇ 3ಕ್ಕೆ ಶುರುವಾಗಿ ನವೆಂಬರ್ ಮೊದಲ ವಾರದಲ್ಲಿ ಮುಗಿಯುತ್ತದೆ. ಇಬ್ಬರು ಮೂವರು ಸೇರಿ ಆಯಾ ತಾರೀಖಿನದನ್ನು ಆಯಾ ದಿನವೇ ಓದುತ್ತ ಹೋದರೆ ಅಕ್ಟೋಬರ್ ಕೊನೆಯ ಹೊತ್ತಿಗೆ ಬೇಟೆ ಜೋರಾಗಿರುತ್ತದೆ. ಈ ವರ್ಷದ ಮೇ ಕಳೆದುಹೋಗಿದ್ದರೆ ಶೆರಿಡನ್ ಲೆ ಫಾನುವಿನ ‘ಕಾರ್ಮಿಲ್ಲಾ’ (1872) ಕೊಡಿ. ಡ್ರಾಕುಲಾಗಿಂತ 25 ವರ್ಷ ಹಿಂದಿನ ರಕ್ತಪಿಪಾಸು ಹೆಣ್ಣಿನ ಕತೆ, ಗಾತ್ರ ಚಿಕ್ಕದು, ಒಂದು ಭಾನುವಾರಕ್ಕೆ ಸರಿ.

‘ದೆವ್ವಗಿವ್ವ ನನ್ನನ್ನು ಹೆದರಿಸಲ್ಲ’ ಎನ್ನುವ ಗೆಳೆಯರಿಗೆ ಶರ್ಲಿ ಜಾಕ್ಸನ್ ಬರೆದ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ (1959). ಅಲ್ಲಿ ಮನೆ ಕೆಟ್ಟದ್ದೋ, ಮನೆಗೆ ಬಂದ ಒಂಟಿ ಹೆಣ್ಣಿನ ಮನಸ್ಸು ಸೋಲುತ್ತಿರುವುದೋ ಎಂದು ಬೇರ್ಪಡಿಸಲಾಗದು. ಹೆನ್ರಿ ಜೇಮ್ಸ್‌ನ ‘ದಿ ಟರ್ನ್ ಆಫ್ ದಿ ಸ್ಕ್ರೂ’ (1898) ಕೂಡ ಇದೇ ಜಾಡಿನದು, ಆದರೆ ಅವನ ವಾಕ್ಯಗಳು ಸುತ್ತಿ ಸುತ್ತಿ ಹೋಗುತ್ತವೆ. ಓದಿನ ಅಭ್ಯಾಸ ಇರುವವರಿಗೆ ಮಾತ್ರ.

ಸಿನಿಮಾ: ಗುಂಪಿಗೆ ತಕ್ಕಂತೆ

ಸಿನಿಮಾದ ದೊಡ್ಡ ಬಲ ಒಟ್ಟಿಗೇ ಬೆಚ್ಚುವುದು. ಒಬ್ಬರ ಕಿರುಚಾಟ ಇನ್ನೊಬ್ಬರ ನಗುವಾಗುವುದು, ನಕ್ಕವರು ಮುಂದಿನ ದೃಶ್ಯದಲ್ಲಿ ತಾವೇ ಕಿರುಚುವುದು ಕತೆಯಲ್ಲಿ ಅಷ್ಟು ಸುಲಭಕ್ಕೆ ಸಿಗದು.

ಹೊಸಬರೊಬ್ಬರೇ ಇದ್ದರೆ ನಾನು ‘ದಿ ಅದರ್ಸ್’ (2001) ಹಾಕುತ್ತೇನೆ. ಪರದೆ ಎಳೆದ ಕತ್ತಲ ಮನೆ, ಬೆಳಕಿಗೆ ಒಡ್ಡಿಕೊಳ್ಳಲಾಗದ ಇಬ್ಬರು ಮಕ್ಕಳು, ನಿಕೋಲ್ ಕಿಡ್‌ಮನ್‌ಳ ಬಿಗಿದ ಮುಖ. ರಕ್ತವಿಲ್ಲ, ಕತೆ ಗಟ್ಟಿ, ಕೊನೆಯ ತಿರುವಿನ ಮೇಲೆ ಅರ್ಧ ರಾತ್ರಿ ಮಾತಾಡಬಹುದು. ಅದರ ಬಗ್ಗೆ ಮುಂಚೆ ಒಂದಕ್ಷರವೂ ಹೇಳಬೇಡಿ, ‘ಕೊನೆಯಲ್ಲೊಂದು ತಿರುವಿದೆ’ ಎಂದೂ ಹೇಳಬೇಡಿ. ಹಾಗೆಂದರೆ ಮೊದಲ ದೃಶ್ಯದಿಂದಲೇ ಹುಡುಕತೊಡಗುತ್ತಾರೆ.

ಕಪ್ಪುಬಿಳುಪಿಗೆ ಮುಖ ತಿರುಗಿಸದವರಿಗೆ ‘ದಿ ಇನ್ನೊಸೆಂಟ್ಸ್’ (1961) ಮತ್ತು ‘ದಿ ಹಾಂಟಿಂಗ್’ (1963). ಮೊದಲನೆಯದು ಹೆನ್ರಿ ಜೇಮ್ಸ್‌ನ ಕತೆ, ಎರಡನೆಯದು ಜಾಕ್ಸನ್‌ರ ಕಾದಂಬರಿ. ಎರಡರಲ್ಲೊಂದು ಎಂದರೆ ಗುಂಪಿಗೆ ಎರಡನೆಯದು. ಅದರಲ್ಲಿ ದೆವ್ವ ಕಾಣಿಸುವುದೇ ಇಲ್ಲ, ಗೋಡೆಯಾಚೆಯ ಬಡಿತ, ಒಳಕ್ಕೆ ಉಬ್ಬಿಬರುವ ಬಾಗಿಲು, ಅಷ್ಟೇ. ಇದನ್ನು ನಿರ್ದೇಶಿಸಿದ ರಾಬರ್ಟ್ ವೈಸ್ ಎರಡು ವರ್ಷದ ಮೇಲೆ ಮಾಡಿದ್ದು ‘ದಿ ಸೌಂಡ್ ಆಫ್ ಮ್ಯೂಸಿಕ್’ ಎಂದು ಸಿನಿಮಾ ಮುಗಿದ ಮೇಲೆ ಹೇಳಿ, ಯಾರೂ ನಂಬುವುದಿಲ್ಲ. ಒಂದು ಷರತ್ತು: ಇವೆರಡೂ ಸದ್ದಿನಿಂದ ಹೆದರಿಸುವ ಚಿತ್ರಗಳು. ಸ್ಪೀಕರ್ ಚೆನ್ನಾಗಿಲ್ಲದಿದ್ದರೆ, ಗುಂಪು ನಡುನಡುವೆ ಮಾತಾಡುವಂಥದಾದರೆ ಬಿಟ್ಟುಬಿಡಿ.

ಬಾಯಿ ಮುಚ್ಚಲಾರದ ಗುಂಪಿಗೆ ಎರಡು ದಾರಿ. ಒಂದು, ‘ಎ ಕ್ವೈಟ್ ಪ್ಲೇಸ್’ (2018): ಸದ್ದು ಮಾಡಿದವರನ್ನು ಕೊಲ್ಲುವ ಜೀವಿಗಳಿರುವ ಲೋಕ. ಪರದೆಯ ಮೇಲಿನವರು ಉಸಿರು ಬಿಗಿಹಿಡಿದರೆ ನೋಡುವವರೂ ತಾವಾಗಿ ತೆಪ್ಪಗಾಗುತ್ತಾರೆ. ಒಂದೂವರೆ ಗಂಟೆಯದು. ಇನ್ನೊಂದು, ಮಾತಾಡಿದರೂ ಕೆಡದ ನಗೆ-ಹಾರರ್: ‘ಶಾನ್ ಆಫ್ ದಿ ಡೆಡ್’ (2004) ಅಥವಾ ‘ವಾಟ್ ವಿ ಡೂ ಇನ್ ದಿ ಶ್ಯಾಡೋಸ್’ (2014). ಒಂದೇ ಮನೆಯಲ್ಲಿ ಬಾಡಿಗೆಗಿರುವ ರಕ್ತಪಿಪಾಸುಗಳು ಪಾತ್ರೆ ತೊಳೆಯುವ ಸರದಿಗೆ ಜಗಳವಾಡುವುದು ಎರಡನೆಯದರ ಸೊಗಸು. ಎರಡರಲ್ಲೂ ರಕ್ತವಿದೆ ಅನ್ನುವುದು ನೆನಪಿರಲಿ, ನಗೆಚಿತ್ರವೆಂದು ಕರೆದು ಕೂರಿಸಿದವರು ಆಮೇಲೆ ಬೈಯಬಾರದು.

ದೆವ್ವದಲ್ಲಿ ನಂಬಿಕೆಯೇ ಇಲ್ಲ, ಆದ್ದರಿಂದ ಹೆದರಿಕೆಯೂ ಇಲ್ಲ ಎನ್ನುವವರಿಗೆ ‘ಜಾಸ್’ (1975), ‘ಏಲಿಯನ್’ (1979). ಜಾಸ್‌ನಲ್ಲಿ ಯಂತ್ರದ ಶಾರ್ಕ್ ಪದೇ ಪದೇ ಕೈಕೊಟ್ಟಿದ್ದರಿಂದ ಸ್ಪೀಲ್‌ಬರ್ಗ್ ಅದನ್ನು ತೋರಿಸದೆಯೇ ಬಹುಪಾಲು ಚಿತ್ರ ನಡೆಸಬೇಕಾಯಿತು, ಅದರಿಂದಲೇ ಚಿತ್ರ ಗೆದ್ದಿತು. ಹಾರರ್ ಎಂದು ಹೇಳದೆ ಹಾರರ್ ತೋರಿಸಲು ಇದಕ್ಕಿಂತ ಒಳ್ಳೆಯದು ಕಾಣೆ.

ಚಾಕು ಹಿಡಿದು ಬೆನ್ನಟ್ಟುವ ಸ್ಲ್ಯಾಷರ್ ಬಗೆಯಲ್ಲಿ ‘ಹ್ಯಾಲೊವೀನ್’ (1978) ಹೆಸರು ಕೇಳಿ ಹೆದರುವವರು ಹೆಚ್ಚು. ಅದರಲ್ಲಿ ರಕ್ತ ನಿಜಕ್ಕೂ ಬಹಳ ಕಡಿಮೆ. ಹೆದರಿಸುವುದು ನಿರ್ದೇಶಕ ಜಾನ್ ಕಾರ್ಪೆಂಟರ್ ತಾನೇ ಕಟ್ಟಿದ ಪಿಯಾನೊ ಸಂಗೀತ, ಮತ್ತು ಬಿಳಿ ಬಣ್ಣ ಬಳಿದ ಒಂದು ಮುಖವಾಡ. ಆ ಮುಖವಾಡ ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್‌ನದು. ‘ಸೈಕೋ’ (1960) ಯಾರಿಗೆ ತೋರಿಸಬಹುದೆಂದರೆ ಅದರ ಕತೆ ನಿಜಕ್ಕೂ ಗೊತ್ತಿಲ್ಲದವರಿಗೆ. ಅಂಥವರು ಸಿಕ್ಕರೆ ಬಿಡಬೇಡಿ, ಸ್ನಾನದ ಕೋಣೆಯ ಆ ರಕ್ತ ಚಾಕಲೇಟ್ ಸಿರಪ್ ಎಂಬುದನ್ನು ಚಿತ್ರ ಮುಗಿದ ಮೇಲೆ ಹೇಳಿದರಾಯಿತು.

ಎರಡು ಚಿತ್ರಗಳ ಬಗ್ಗೆ ಕೈ ಹಿಡಿದು ಎಳೆದಾದರೂ ತಡೆಯುತ್ತೇನೆ. ‘ದಿ ಎಕ್ಸಾರ್ಸಿಸ್ಟ್’ (1973) ಮೇರುಕೃತಿ, ಒಪ್ಪಿದೆ. ಆದರೆ ಮೈಮೇಲೆ ಬರುವುದನ್ನು ನಿಜವೆಂದು ನಂಬುವವರಿಗೆ ಅದು ಆಟವಲ್ಲ, ಪುಟ್ಟ ಹುಡುಗಿಯ ನರಳಾಟ ನೋಡಲಾಗದವರಿಗೂ ಅಲ್ಲ. ಮಿಶ್ರ ಗುಂಪಿಗೆ ಬೇಡ. ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ಕೇವಲ 81 ನಿಮಿಷ, ದೆವ್ವದ ನೆರಳೂ ಇಲ್ಲ, ಕಾಗದದ ಮೇಲೆ ಎಲ್ಲವೂ ಸರಿ. ತೊಂದರೆ ಕ್ಯಾಮೆರಾದ್ದು. ಕೈಯಲ್ಲಿ ಹಿಡಿದ ಕ್ಯಾಮೆರಾ ಉದ್ದಕ್ಕೂ ಕುಣಿಯುತ್ತದೆ, ಪ್ರಯಾಣದಲ್ಲಿ ತಲೆ ತಿರುಗುವವರಿಗೆ ದೊಡ್ಡ ಪರದೆಯಲ್ಲಿ ವಾಂತಿ ಬರಬಹುದು. ಅದನ್ನು ಲ್ಯಾಪ್‌ಟಾಪಿನಲ್ಲಿ ಇಬ್ಬರೇ ನೋಡುವುದು ವಾಸಿ.

ಸಬ್‌ಟೈಟಲ್‌ಗೆ ಅಂಜದವರಿಗೆ ಜಪಾನಿನ ‘ರಿಂಗು’ (1998). ನೋಡಿದವರು ಏಳು ದಿನದಲ್ಲಿ ಸಾಯುವ ವಿಡಿಯೊ ಕ್ಯಾಸೆಟ್ಟಿನ ಕತೆ. ಕ್ಯಾಸೆಟ್ಟನ್ನೇ ಕಂಡಿರದ ತಲೆಮಾರಿಗೆ ಮೊದಲು ಐದು ನಿಮಿಷ ಪಾಠ ಮಾಡಬೇಕಾಗಬಹುದು. ನಿರ್ದೇಶಕ ಕೊಬಯಾಶಿಯ ‘ಕ್ವೈದಾನ್’ (1964) ಮೂರು ಗಂಟೆಯದಾದರೂ ನಾಲ್ಕು ಬಿಡಿ ಕತೆಗಳಿರುವುದರಿಂದ ರಾತ್ರಿಗೊಂದರಂತೆ ನೋಡಬಹುದು. ಎರಡು ಕತೆ ಹರ್ನ್‌ನ ಅದೇ ಪುಸ್ತಕದಲ್ಲಿವೆ, ಓದಿ ನೋಡಿದರೆ ರುಚಿ ಹೆಚ್ಚು.

ಮೂರು ತಲೆಮಾರು ಒಟ್ಟಿಗೆ ಕೂತು ಕನ್ನಡವೇ ಬೇಕೆಂದರೆ ‘ಆಪ್ತಮಿತ್ರ’ (2004). ಮಲಯಾಳಂನ ‘ಮಣಿಚಿತ್ರತಾಳ್’ (1993) ಇದರ ಮೂಲ. ಹಾಡು, ಹಾಸ್ಯ ನಡುನಡುವೆ ಬಂದು ಉಸಿರಾಡಲು ಬಿಡುತ್ತವೆ. ಬಿಗಿ ಬಯಸುವವರಿಗೆ ಅದೇ ಕೊರತೆ, ಮನೆಮಂದಿಗೆ ಅದೇ ಅನುಕೂಲ. ದೊಡ್ಡವರಿಗೆ ಅನಂತ್ ನಾಗ್, ಲಕ್ಷ್ಮಿ ಅವರ ‘ನಾ ನಿನ್ನ ಬಿಡಲಾರೆ’ (1979) ಹಳೆಯ ನಡುಕವನ್ನು ಮತ್ತೆ ತರುತ್ತದೆ. ಹಾಡು ಬೇಡ, ಕತೆ ಓಡಬೇಕು ಎನ್ನುವ ಹುಡುಗರಿಗೆ ‘ಯು ಟರ್ನ್’ (2016).

ಕೈಯಲ್ಲಿ ಕಾಸಿಲ್ಲದಿದ್ದರೂ ಕೊರತೆಯಿಲ್ಲ. ಜಾರ್ಜ್ ರೊಮೆರೊನ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ಬಿಡುಗಡೆಯ ಹೊತ್ತಿಗೆ ಹೆಸರು ಬದಲಾಯಿತು, ಆಗ ಶೀರ್ಷಿಕೆಯ ಜೊತೆಗಿದ್ದ ಹಕ್ಕುಸ್ವಾಮ್ಯದ ಸಾಲೂ ಬಿಟ್ಟುಹೋಯಿತು. ಅಮೆರಿಕದ ಅಂದಿನ ಕಾನೂನಿನಂತೆ ಚಿತ್ರ ಅಂದಿನಿಂದಲೇ ಸಾರ್ವಜನಿಕ ಸ್ವತ್ತಾಯಿತು. ಹೆಣಗಳು ಎದ್ದು ಬರುವ ಎಲ್ಲ ಚಿತ್ರಗಳ ಮೂಲ ಇಲ್ಲಿದೆ, ಕೊನೆಯ ಐದು ನಿಮಿಷ ಈಗಲೂ ಎದೆಗೆ ಒದೆಯುತ್ತದೆ. ಮೂಕಿಚಿತ್ರ ‘ನೊಸ್‌ಫೆರಾಟು’ (1922) ಡ್ರಾಕುಲಾ ಕತೆಯನ್ನು ಅನುಮತಿಯಿಲ್ಲದೆ ಎತ್ತಿಕೊಂಡದ್ದು. ಸ್ಟೋಕರ್‌ನ ಹೆಂಡತಿ ಕೋರ್ಟಿಗೆ ಹೋಗಿ ಎಲ್ಲ ಪ್ರತಿ ನಾಶಮಾಡಬೇಕೆಂಬ ಆದೇಶ ತಂದರೂ ಕೆಲವು ಉಳಿದುಕೊಂಡವು. ಸೂರ್ಯನ ಬೆಳಕಿಗೆ ರಕ್ತಪಿಪಾಸು ಸಾಯುತ್ತಾನೆಂಬುದು ಈ ಚಿತ್ರದಿಂದ ಬಂದದ್ದು, ಸ್ಟೋಕರ್‌ನ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ. ಇದು ಹೆದರಿಸುವುದಕ್ಕಿಂತ ಬೆರಗು ಹುಟ್ಟಿಸುವ ಚಿತ್ರ. ಸಿನಿಮಾ ಹುಚ್ಚಿನವರಿಗೆ ಸರಿ, ಬೆಚ್ಚಿಬೀಳಲೆಂದೇ ಬಂದವರಿಗೆ ಅಲ್ಲ.

ಮಕ್ಕಳಿದ್ದರೆ

ಸತ್ಯಜಿತ್ ರಾಯ್ ಅವರ ‘ಗೂಪಿ ಗಾಯ್ನೆ ಬಾಘಾ ಬಾಯ್ನೆ’ (1969) ಚಿಕ್ಕವರಿಗೆ ಮೊದಲ ದೆವ್ವ. ಕಾಡಿನ ದೆವ್ವಗಳ ಕುಣಿತ, ಮೂರು ವರ ಕೊಡುವ ಭೂತರಾಜ. (ದೊಡ್ಡವರಿಗೆ ಕೋತಿಯ ಪಾದದ ಮೂರು ವರ, ಮಕ್ಕಳಿಗೆ ಭೂತರಾಜನ ಮೂರು ವರ, ಒಂದೇ ಸಂಜೆ ಎರಡು ಕೋಣೆಗಳಲ್ಲಿ ನಡೆಸಬಹುದು.) ಸ್ವಲ್ಪ ದೊಡ್ಡ ಮಕ್ಕಳಿಗೆ ‘ಕೊರಲೈನ್’ (2009). ಕಣ್ಣಿನ ಜಾಗದಲ್ಲಿ ಗುಂಡಿ ಹೊಲಿದುಕೊಂಡ ‘ಇನ್ನೊಬ್ಬ ಅಮ್ಮ’ ಎಳೆಯರಿಗೆ ಜಾಸ್ತಿಯೇ ಆದೀತು, ಬೊಂಬೆ ಚಿತ್ರವೆಂದು ಏಮಾರಬೇಡಿ. ಮೊದಲು ನೀವೊಬ್ಬರೇ ನೋಡಿ, ಹಗಲು ಹೊತ್ತು ತೋರಿಸಿ. ಮಗು ಸಹಿಸುತ್ತಿದ್ದರೆ ಅರ್ಧಕ್ಕೆ ನಿಲ್ಲಿಸದೆ ಕೊನೆ ಮುಟ್ಟಿಸಿ. ರಾಕ್ಷಸ ಸೋತದ್ದನ್ನು ಕಾಣದೆ ಮಲಗಿದ ಮಗುವಿನ ತಲೆಯಲ್ಲಿ ರಾಕ್ಷಸ ಇನ್ನೂ ಓಡಾಡುತ್ತಿರುತ್ತಾನೆ.

ಪುಸ್ತಕವೂ ಇದೆ, ಸಿನಿಮಾವೂ ಇದೆ: ಯಾವುದು ಮೊದಲು?

ಅನುಮಾನದ ಮೇಲೆ ನಿಂತ ಕತೆಯಾದರೆ ಪುಸ್ತಕ ಮೊದಲು. ‘ಹಿಲ್ ಹೌಸ್’, ‘ಟರ್ನ್ ಆಫ್ ದಿ ಸ್ಕ್ರೂ’ ಎರಡೂ ಹಾಗೆ. ತಿರುವಿನ ಮೇಲೆ ನಿಂತದ್ದಾದರೆ ಸಿನಿಮಾ ಮೊದಲು. ‘ಸೈಕೋ’ಗೆ 1959ರ ಕಾದಂಬರಿಯ ಆಧಾರವಿದೆ, ಆದರೂ ಚಿತ್ರ ನೋಡಿಯೇ ಆ ಕಡೆ ಹೋಗಲಿ. ‘ದಿ ಶೈನಿಂಗ್’ ಯಾವ ಕಡೆಯಿಂದ ಬಂದರೂ ನಡೆದೀತು. ಸ್ಟೀಫನ್ ಕಿಂಗ್ ಬರೆದದ್ದು (1977) ಕುಡಿತ, ಕೋಪಗಳ ವಿರುದ್ಧ ಹೋರಾಡುತ್ತ ಕುಸಿಯುವ ಒಬ್ಬ ತಂದೆಯ ಕತೆ. ನಿರ್ದೇಶಕ ಸ್ಟಾನ್ಲಿ ಕ್ಯೂಬ್ರಿಕ್ ತೆಗೆದದ್ದು (1980) ಮೊದಲಿಂದಲೇ ತಣ್ಣಗೆ ಕೊರೆಯುವ ಬೇರೆಯದೇ ಚಿತ್ರ. ಅದು ಕಿಂಗ್‌ಗೆ ಹಿಡಿಸಲಿಲ್ಲ. ಒಬ್ಬರು ಓದಿ, ಒಬ್ಬರು ನೋಡಿ ಬಂದು ಜಗಳವಾಡಲು ಇದರಷ್ಟು ಹೇಳಿ ಮಾಡಿಸಿದ ಜೋಡಿ ಇನ್ನೊಂದಿಲ್ಲ.

ದೂರದೂರದಲ್ಲಿರುವ ಗೆಳೆಯರಿಗೆ ಧ್ವನಿ ಸಾಕು. ಆರ್ಸನ್ ವೆಲ್ಸ್ ತಂಡ 1938ರ ಅಕ್ಟೋಬರ್ 30ರಂದು ರೇಡಿಯೊದಲ್ಲಿ ಸುದ್ದಿಪ್ರಸಾರದ ಧಾಟಿಯಲ್ಲೇ ಆಡಿದ, ಮಂಗಳ ಗ್ರಹದವರು ಭೂಮಿಗೆ ದಾಳಿಯಿಡುವ ನಾಟಕ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಸುಮಾರು ಒಂದು ಗಂಟೆಯದು. ಎಲ್ಲರೂ ದೀಪ ಆರಿಸಿ, ಇಯರ್‌ಫೋನ್ ಹಾಕಿಕೊಂಡು ಒಂದೇ ಹೊತ್ತಿಗೆ ಶುರು ಮಾಡಬಹುದು. ಲಿಬ್ರಿವಾಕ್ಸ್ ಎಂಬ ಜಾಲತಾಣದಲ್ಲಿ ಪೋ, ಜೇಕಬ್ಸ್ ಎಲ್ಲರ ಕತೆಗಳನ್ನೂ ಸ್ವಯಂಸೇವಕರು ಓದಿಟ್ಟಿದ್ದಾರೆ, ಓದುವವರ ಗುಣಮಟ್ಟ ಮಾತ್ರ ಒಂದೇ ಥರ ಇರುವುದಿಲ್ಲ.

ತೋರಿಸುವ ಮುನ್ನ

‘ಇದರಷ್ಟು ಭಯಂಕರ ಇನ್ನೊಂದಿಲ್ಲ’ ಎಂಬ ಮುನ್ನುಡಿ ಬೇಡ. ಕೇಳಿದವರು ಪಂಥ ಕಟ್ಟಿದವರಂತೆ ಕೂರುತ್ತಾರೆ. ನಾಯಿ ಸಾಯುವುದು, ಮಗುವಿಗೆ ಪೆಟ್ಟಾಗುವುದು, ಅತ್ಯಾಚಾರ, ಆತ್ಮಹತ್ಯೆ ಇಂಥವು ಇದ್ದರೆ ಕತೆ ಬಿಟ್ಟುಕೊಡದೆ ಮೊದಲೇ ತಿಳಿಸಿ. ‘ಡಸ್ ದ ಡಾಗ್ ಡೈ’ ಎಂಬ ಜಾಲತಾಣದಲ್ಲಿ ಯಾವ ಚಿತ್ರದಲ್ಲಿ ಏನಿದೆ ಎಂಬುದನ್ನು ನೋಡುಗರೇ ಪಟ್ಟಿ ಮಾಡಿದ್ದಾರೆ, ಎರಡು ನಿಮಿಷದ ಕೆಲಸ. ಚಿತ್ರ ನಡೆಯುವಾಗ ಪಕ್ಕದವರ ಮುಖವನ್ನೇ ದಿಟ್ಟಿಸುತ್ತ ‘ಈಗ ನೋಡು, ಈಗ’ ಎನ್ನುವ ಚಟ ಎಲ್ಲ ಹಾರರ್ ಪ್ರಿಯರಿಗೂ ಇದೆ. ಅದನ್ನು ಹತ್ತಿಕ್ಕಿಕೊಳ್ಳಿ.

ಒಂದೇ ರಾತ್ರಿ ಎರಡು ಇಟ್ಟುಕೊಳ್ಳುವುದಾದರೆ ಭಾರದ್ದು ಮೊದಲು, ಹಗುರದ್ದು ಆಮೇಲೆ. ‘ದಿ ಹಾಂಟಿಂಗ್’ ಮುಗಿಸಿ ‘ಶ್ಯಾಡೋಸ್’ ಹಾಕಿದರೆ ಜನ ನಗುತ್ತ ಮನೆಗೆ ಹೋಗುತ್ತಾರೆ. ಸಿನಿಮಾದ ಜೊತೆ ಕತೆಯೂ ಬೇಕೆಂದರೆ ಕತೆಯನ್ನು ಮುಂಚೆಯೇ ಓದಿ. ಪರದೆಯ ಸದ್ದುಗದ್ದಲಕ್ಕೆ ಒಗ್ಗಿಹೋದ ಕಿವಿಗೆ ಆಮೇಲೆ ಪೋನ ಪಿಸುಮಾತು ಹಿಡಿಯುವುದಿಲ್ಲ.